ಬಾಣದ ಗರಿಯಲ್ಲಿ ಆಕಾರ ನೋಡುವುದು ಕೊನೆಗೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬೆಂಗಳೂರಿನ ಹವ್ಯಾಸಿ ಬಿಲ್ಲುಗಾರರ ಬಗ್ಗೆ ಬಂದ ಬರಹ ಓದಿದೆ. ಮರದ ಬಿಲ್ಲು, ಬಿದಿರಿನ ಬಾಣ ಹಿಡಿದವರಿಗೆ ಪತ್ರಿಕೆಯಲ್ಲಿ ಅರ್ಧ ಪುಟ ಸಿಗುವುದೇ ಅಪರೂಪ. ಖುಷಿಯಾಯಿತು. ಆದರೆ ಪಕ್ಕದ ಬಾಕ್ಸ್‌ನಲ್ಲಿ ಹೊಸಬರಿಗೆ ಕೊಟ್ಟ ಸಲಹೆಗಳಲ್ಲಿ ಎರಡನ್ನು ಹಾಗೇ ಬಿಡಲಾಗದು. ಗುರಿ ನಿಖರವಾಗಬೇಕಾದರೆ ಬಾಣದ ಬಾಲಕ್ಕೆ ಶೀಲ್ಡ್ (ಗುರಾಣಿ) ಆಕಾರದ ಗರಿಯನ್ನೇ ಕೊಳ್ಳಿ ಎಂಬುದು ಒಂದು. ಸಿಕ್ಕರೆ ನವಿಲಿನ ಗರಿ ಇನ್ನೂ ಒಳ್ಳೆಯದು ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದರೆ ದುಡ್ಡು ದಂಡ. ಎರಡನೆಯದನ್ನು ನಂಬಿದರೆ ಕೇಸು ಬೀಳಬಹುದು.

ನಾನು ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ಈಗ ಮತ್ತಿಕೆರೆಯ ಮನೆಯ ಮಹಡಿ ಮೇಲೆ ಬಾಣ ಮಾಡಿಕೊಂಡು ಕೂತಿರುತ್ತೇನೆ. ಕಡ್ಡಿಗೆ ಬಂಬೂ ಬಜಾರ್, ರೇಷ್ಮೆ ದಾರಕ್ಕೆ ಚಿಕ್ಕಪೇಟೆ, ಗರಿ ಸುಡುವ ನಿಕ್ರೋಮ್ ತಂತಿಗೆ ಎಸ್.ಪಿ. ರೋಡ್. ಹೊಸದಾಗಿ ಕಲಿಯುವ ಹುಡುಗ ಹುಡುಗಿಯರು ಆಗಾಗ ಬರುತ್ತಾರೆ. ಬಂದವರದ್ದೆಲ್ಲ ಮೊದಲ ಪ್ರಶ್ನೆ ಒಂದೇ: 'ಅಂಕಲ್, ಯಾವ ಶೇಪ್ ತಗೊಳ್ಳಲಿ?' ಕಡ್ಡಿಯ ಬಗ್ಗೆ ಯಾರೂ ಕೇಳುವುದಿಲ್ಲ!

ಗಾಳಿಪಟಕ್ಕೆ ಬಾಲಂಗೋಚಿ ಏನು ಮಾಡುತ್ತದೋ, ಬಾಣಕ್ಕೆ ಗರಿ ಅದನ್ನೇ ಮಾಡುತ್ತದೆ. ಹಿಂದೆ ಗಾಳಿ ಹಿಡಿದು ಬಾಲವನ್ನು ಹಿಂದೆಯೇ ಇರಿಸುತ್ತದೆ. ಮರದ ಬಿಲ್ಲಿನಲ್ಲಿ ಬಾಣ ಹಿಡಿಯ ಪಕ್ಕದಲ್ಲಿ ಕೂರುತ್ತದೆ, ನಟ್ಟ ನಡುವೆ ಅಲ್ಲ. ಹೆದೆ ಬಿಟ್ಟ ಕೂಡಲೇ ಕಡ್ಡಿ ಬಳುಕುತ್ತದೆ, ಹಿಡಿಯನ್ನು ಸುತ್ತಿ ಬಳಸಿಕೊಂಡು ಮುಂದೆ ಹೋಗುತ್ತದೆ. ಆಮೇಲೆ ಅದನ್ನು ಬೇಗ ನೆಟ್ಟಗೆ ಮಾಡುವುದು ಗರಿಯ ಜವಾಬ್ದಾರಿ. ಹಾದುಹೋಗುವಾಗ ಗರಿ ಬಿಲ್ಲಿಗೆ ತಾಗಿದರೂ ಮಡಚಿಕೊಂಡು ಮತ್ತೆ ಎದ್ದು ನಿಲ್ಲುತ್ತದೆ. ಪ್ಲಾಸ್ಟಿಕ್ ರೆಕ್ಕೆ ತಾಗಿದರೆ ಬಾಣವನ್ನೇ ಪಕ್ಕಕ್ಕೆ ತಳ್ಳಿಬಿಡುತ್ತದೆ. ಹಾಗಾಗಿ ಈ ಬಿಲ್ಲುಗಳಿಗೆ ನಿಜವಾದ ಗರಿಯೇ ಬೇಕು. ಅಷ್ಟರಮಟ್ಟಿಗೆ ನಿಮ್ಮ ಬರಹ ಸರಿ.

ಇನ್ನು ಆಕಾರ. ಪ್ಯಾರಾಬೋಲಿಕ್ ಅಂದರೆ ಹಿಂದುಗಡೆ ದುಂಡಗೆ ಇಳಿಯುವುದು. ಶೀಲ್ಡ್ ಅಂದರೆ ಹಿಂದುಗಡೆ ಒಳಕ್ಕೆ ಕತ್ತರಿಸಿ, ಮೇಲೆ ಚೂಪು ಮೂಲೆ ಬಿಟ್ಟಿರುವುದು. ಬನಾನಾ ಅಂತ ಒಂದಿದೆ, ಎರಡೂ ತುದಿ ಸಣ್ಣಗಾಗುವ ತಗ್ಗು ಗರಿ. ಹಳೇ ಇಂಗ್ಲಿಷ್ ಬಾಣದ್ದು ಉದ್ದನೆಯ ತ್ರಿಕೋನ. ಫ್ಲೂ-ಫ್ಲೂ ಬೇರೆಯೇ ಜಾತಿ. ಗರಿಯನ್ನು ಪೂರ್ತಿ ಎತ್ತರಕ್ಕೆ ಬಿಟ್ಟಿರುತ್ತಾರೆ, ಬಾಣ ಬೇಗ ವೇಗ ಕಳೆದುಕೊಂಡು ಹತ್ತಿರದಲ್ಲೇ ಬೀಳುತ್ತದೆ. ಗಾಳಿಯಲ್ಲಿ ಎಸೆದದ್ದಕ್ಕೆ ಗುರಿ ಇಡುವವರಿಗೆ ಅದು, ನಮಗೆ ಬೇಡ.

ಉದ್ದ, ಎತ್ತರ ಎರಡೂ ಒಂದೇ ಆಗಿದ್ದರೆ ಶೀಲ್ಡ್‌ಗೂ ಪ್ಯಾರಾಬೋಲಿಕ್‌ಗೂ ವ್ಯತ್ಯಾಸ ಇರುವುದು ಹಿಂದಿನ ಆ ಮೂಲೆಯಲ್ಲಿ ಮಾತ್ರ. ಶೀಲ್ಡ್ ಸ್ವಲ್ಪ ಜಾಸ್ತಿ ಗಾಳಿ ಹಿಡಿಯುತ್ತದೆ, ಬಾಣ ಸ್ವಲ್ಪ ಬೇಗ ನೆಟ್ಟಗಾಗುತ್ತದೆ. ಅದಕ್ಕೆ ಕೊಡುವ ಬೆಲೆಯೂ ಇದೆ. ಹಾರುವಾಗ ಸುಯ್ ಅನ್ನುವ ಸದ್ದು ಜಾಸ್ತಿ. ಚೂಪು ಮೂಲೆ ಬಾಣ ನಾಟುವ ಗುರಿಯ ಮೆತ್ತೆಗೆ ಉಜ್ಜಿ ಉಜ್ಜಿ ಬೇಗ ಕಿತ್ತುಹೋಗುತ್ತದೆ. 20 ಮೀಟರ್‌ನಲ್ಲಿ ಹೊಸಬರ ಕೈ ನಡುಕದ ಮುಂದೆ ಈ ವ್ಯತ್ಯಾಸ ಯಾವ ಲೆಕ್ಕ? ಊರಿನ ಒಂದು ಅಂಗಡಿಯಲ್ಲಿ ಇದನ್ನೇ 'ಟೂರ್ನಮೆಂಟ್ ಕಟ್' ಅಂತ ಹೆಸರಿಟ್ಟು ಸಾದಾ ಗರಿಗಿಂತ ದುಬಾರಿಗೆ ಮಾರುತ್ತಾರೆ. ಗರಿ ಅದೇ ಟರ್ಕಿ ಕೋಳಿಯದು. ಕತ್ತರಿ ಆಡಿಸಿದ್ದಕ್ಕೆ ಆ ರೇಟು.

ಗರಿ ಕೊಳ್ಳುವಾಗ ಮೊದಲು ನೋಡಬೇಕಾದ್ದು ರೆಕ್ಕೆ. ಎಡ ರೆಕ್ಕೆಯ ಗರಿ ಬಾಣವನ್ನು ಒಂದು ಕಡೆ ತಿರುಗಿಸಿದರೆ ಬಲ ರೆಕ್ಕೆಯದು ಇನ್ನೊಂದು ಕಡೆ ತಿರುಗಿಸುತ್ತದೆ. ಯಾವುದಾದರೂ ಪರವಾಗಿಲ್ಲ, ಆದರೆ ಒಂದೇ ಬಾಣಕ್ಕೆ ಎರಡನ್ನೂ ಬೆರೆಸಬಾರದು. ಬೆರೆಸಿದರೆ ಒಂದು ಗರಿ ಇನ್ನೊಂದರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಪತ್ತೆ ಮಾಡುವುದು ಸುಲಭ. ಗರಿಯ ಬುಡದ ಉದ್ದಕ್ಕೂ ಉಗುರು ಎಳೆಯಿರಿ. ಒಂದು ಬದಿಯಲ್ಲಿ ಸಣ್ಣ ಏಣು ಸಿಗುತ್ತದೆ, ಇನ್ನೊಂದು ಬದಿ ನುಣುಪು. ಮೂರೂ ಗರಿಯ ದಪ್ಪ ತುದಿಯನ್ನು ಒಂದೇ ಕಡೆ ಇಟ್ಟು ನೋಡಿದರೆ ಆ ಏಣು ಮೂರರಲ್ಲೂ ಒಂದೇ ಬದಿಗೆ ಇರಬೇಕು. ಅಂಟಿಸುವಾಗ ದಪ್ಪ ತುದಿ ಬಾಣದ ಮೊನೆಯ ಕಡೆ. ಹೆದೆ ಕೂರುವ ಕಚ್ಚಿನಿಂದ ಒಂದು ಇಂಚಿನಷ್ಟು ಜಾಗ ಬಿಡಿ, ಇಲ್ಲದಿದ್ದರೆ ಬೆರಳಿಗೆ ಗರಿ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಉದ್ದ. ಹೊಸಬರು 5 ಇಂಚಿನ ಸಾದಾ ಪ್ಯಾರಾಬೋಲಿಕ್ ತೆಗೆದುಕೊಳ್ಳಲಿ. ಕೈ ಕುದುರಿದ ಮೇಲೆ ಬೇಕಾದರೆ 4 ಇಂಚಿಗೆ ಇಳಿಸಬಹುದು. ಉದ್ದ ಇದ್ದದ್ದನ್ನು ಕತ್ತರಿಸಬಹುದು, ಗಿಡ್ಡ ಇದ್ದದ್ದನ್ನು ಎಳೆದು ಉದ್ದ ಮಾಡಲಾಗುತ್ತದಾ? ಬಿದಿರು ಬಿಲ್ಲಿನ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ 50 ಮತ್ತು 30 ಮೀಟರ್‌ಗೆ ಹೊಡೆಯುತ್ತಾರೆ. 50 ಮೀಟರ್‌ಗೆ ಹೋಗುವಾಗ ದೊಡ್ಡ ಗರಿ ಬಾಣದ ವೇಗ ತಿನ್ನುತ್ತದೆ, ಬಾಣ ಕೆಳಗೆ ಬೀಳುತ್ತದೆ. ಅಲ್ಲಿ ತಗ್ಗು, ಗಿಡ್ಡ ಗರಿಗೆ ಅರ್ಥವಿದೆ. ಮೊದಲ ದಿನದ ಹುಡುಗನಿಗೆ ಇಲ್ಲ.

ದೊಡ್ಡ ಶೀಲ್ಡ್ ಗರಿಯ ಮೇಲೆ ನನಗೆ ಇನ್ನೊಂದು ತಕರಾರಿದೆ. ಅದು ಕಡ್ಡಿಯ ದೋಷ ಮುಚ್ಚಿಡುತ್ತದೆ. ಬಿಲ್ಲಿನ ಬಲಕ್ಕೆ ಕಡ್ಡಿಯ ಬಿಗಿ ಹೊಂದಬೇಕು, ಅದನ್ನೇ ಸ್ಪೈನ್ ಅನ್ನುತ್ತಾರೆ. ಹೊಂದದ ಕಡ್ಡಿ ಬಾಲ ಅಲ್ಲಾಡಿಸುತ್ತಾ ಹೋಗುತ್ತದೆ. ದೊಡ್ಡ ಗರಿ ಅದನ್ನು ಹೇಗೋ ಎಳೆದು ನಿಲ್ಲಿಸುತ್ತದೆ, ನಾವು ಎಲ್ಲಾ ಸರಿ ಇದೆ ಅಂದುಕೊಳ್ಳುತ್ತೇವೆ. ನೋಡಬೇಕಾದರೆ ಗರಿಯೇ ಇಲ್ಲದ ಒಂದು ಬಾಣವನ್ನು ಹತ್ತಿರದಿಂದ ಗುರಿಯ ಮೆತ್ತೆಗೆ ಬಿಡಿ. ನೆಟ್ಟಗೆ ನಾಟಿದರೆ ಕಡ್ಡಿ ಸರಿ. ಬಾಲ ಒಂದೇ ಕಡೆ ವಾಲಿ ನಾಟುತ್ತಿದ್ದರೆ ಗರಿ ಬದಲಾಯಿಸಿ ಉಪಯೋಗವಿಲ್ಲ, ಕಡ್ಡಿ ಬದಲಾಯಿಸಿ.

ಆಕಾರದ ಈ ಚರ್ಚೆ ಹೊಸದೇನೂ ಅಲ್ಲ. 1545ರಲ್ಲಿ ಇಂಗ್ಲೆಂಡಿನ ರೋಜರ್ ಆಸ್ಕಮ್ ಬಿಲ್ಲುವಿದ್ಯೆ ಬಗ್ಗೆ ಬರೆಯುವಾಗ ಹಂದಿಬೆನ್ನಿನ ಹಾಗೆ ಉಬ್ಬಿದ ಗರಿ, ಕುದುರೆ ಜೀನಿನ ಹಾಗೆ ತಗ್ಗಿದ ಗರಿ ಅಂತ ವಿಂಗಡಿಸಿದ್ದಾರೆ. ಮೊದಲನೆಯದು ಗಾಳಿ ಜಾಸ್ತಿ ಹಿಡಿಯುತ್ತದೆ, ಎರಡನೆಯದು ನಯವಾಗಿ ಹಾರುತ್ತದೆ ಎಂದು ಹೇಳಿ, ದುಂಡು, ತ್ರಿಕೋನ ಎರಡೂ ಆದೀತು ಎಂದು ಮುಗಿಸಿದ್ದಾರೆ. ನಮ್ಮ ಹಳೆಯ ಧನುರ್ವೇದದಲ್ಲಿ ಇನ್ನೂ ಸರಳ. ಒಂದು ಬಾಣಕ್ಕೆ ನಾಲ್ಕು ಗರಿ, ಉದ್ದ ಆರು ಅಂಗುಲ, ಇಂಚಲ್ಲ, ಹಳೆಯ ಬೆರಳಗಲದ ಅಳತೆ. ಅಂದರೆ ಹತ್ತಿರ ಹತ್ತಿರ ನಾಲ್ಕೂವರೆ ಇಂಚು. ಇವತ್ತು ನಾವು 4 ಬೇಕಾ 5 ಬೇಕಾ ಅಂತ ತಲೆ ಕೆಡಿಸಿಕೊಳ್ಳುವ ನಡುವೆಯೇ ಬಂತಲ್ವಾ?

ಆಕಾರದ ಆಸೆ ಇದ್ದವರಿಗೆ ಬೇಡ ಅನ್ನುವುದಿಲ್ಲ. ಸ್ವಂತ ಕತ್ತರಿಸಿಕೊಳ್ಳಿ. ನಾನು ತೆಳು ಹಿತ್ತಾಳೆ ತಗಡಿನ ಎರಡು ಅಚ್ಚು ಮಾಡಿಟ್ಟುಕೊಂಡಿದ್ದೇನೆ. ಅವುಗಳ ನಡುವೆ ಗರಿ ಇಟ್ಟು ಒತ್ತಿ ಹಿಡಿದು, ಅಂಚಿನ ಹೊರಗೆ ಉಳಿದದ್ದನ್ನು ಕೆಂಪಗೆ ಕಾದ ತಂತಿಯಿಂದ ಸವರಿದರೆ ಸಾಕು, ಅಂಚು ಕತ್ತರಿಯಲ್ಲಿ ಬಾರದಷ್ಟು ನಯವಾಗಿ ಬರುತ್ತದೆ. ಒಳಗೆ ಮಾತ್ರ ಮಾಡಬೇಡಿ. ಕೂದಲು ಸುಟ್ಟ ವಾಸನೆ ಪರದೆಗೆಲ್ಲ ಹತ್ತುತ್ತದೆ, ಮನೆಯವರ ಕೈಲಿ ಬೈಗುಳ ಗ್ಯಾರಂಟಿ. ಗರಿಗೆ ಶಿವಾಜಿನಗರದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಟರ್ಕಿ ಕೋಳಿ ಮಾರುವವರನ್ನು ಕೇಳಿ, ರೆಕ್ಕೆಯ ದೊಡ್ಡ ಗರಿಗಳನ್ನು ಅವರು ಸುಮ್ನೆ ಬಿಸಾಡುತ್ತಾರೆ. ನಮ್ಮ ಸಂಜೆ ಮಳೆಗೆ ನೆಂದು ಗರಿ ಮುದುಡಿದರೆ ಎಸೆಯಬೇಡಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಆವಿಗೆ ಒಂದು ಕ್ಷಣ ಹಿಡಿದು ಬೆರಳಲ್ಲಿ ನೀವಿದರೆ ಎದ್ದು ಕೂರುತ್ತದೆ.

ಈಗ ನವಿಲಿನ ವಿಷಯ. ಧನುರ್ವೇದದ ಪಟ್ಟಿಯಲ್ಲಿ ಕಾಗೆ, ಹಂಸ, ರಣಹದ್ದುಗಳ ಜೊತೆ ನವಿಲೂ ಇದೆ, ನಿಜ. ಆ ಕಾಲ ಬೇರೆ. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ದೇವರ ಮನೆಯಲ್ಲಿ ಇಡುವ ನವಿಲುಗರಿಗೆ ತೊಂದರೆಯಿಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಕಾಯ್ದೆ ವಿನಾಯಿತಿ ಕೊಟ್ಟಿರುವುದು ಬಾಲದ ಗರಿಗೆ. ಬಾಣಕ್ಕೆ ಆ ಬಾಲದ ಗರಿ ಬರುವುದೇ ಇಲ್ಲ, ಎಳೆಗಳು ಬಿಡಿಬಿಡಿ, ಗಾಳಿ ಹಿಡಿಯುವುದಿಲ್ಲ. ಬಾಣಕ್ಕೆ ಬೇಕಾದ್ದು ರೆಕ್ಕೆಯ ಗರಿ, ಅದಕ್ಕೆ ವಿನಾಯಿತಿ ಇಲ್ಲ. ಜ್ಞಾನಭಾರತಿ, ಜಿಕೆವಿಕೆ ವಿಶ್ವವಿದ್ಯಾಲಯ ಆವರಣಗಳಲ್ಲಿ ನವಿಲು ಓಡಾಡುವುದನ್ನು ಮಕ್ಕಳು ನೋಡುತ್ತಾರೆ. ಬಾಕ್ಸ್ ಓದಿದ ಯಾವನಾದರೂ ಅಲ್ಲಿ ಗರಿ ಹುಡುಕಿಕೊಂಡು ಹೊರಟರೆ? ಮಹಡಿ ಮೇಲೆ ಬಿದ್ದ ಹದ್ದಿನ ಗರಿಯೂ ಬೇಡ, ಅದಕ್ಕೂ ಅದೇ ಕಾಯ್ದೆಯ ರಕ್ಷಣೆ ಇದೆ.

ಬರಹದ ಜೊತೆಗಿನ ಫೋಟೊ ಬಗ್ಗೆಯೂ ಒಂದು ಮಾತು. ಬಿಲ್ಲು ಎಳೆದು ನಿಂತ ಹುಡುಗಿಯ ಭಂಗಿ ಚೆನ್ನಾಗಿದೆ. ಆದರೆ ಬಾಣದ ಬೇರೆ ಬಣ್ಣದ ಗರಿ ಬಿಲ್ಲಿನ ಕಡೆ ತಿರುಗಿದೆ. ಮೂರು ಗರಿಯಲ್ಲಿ ಅದೊಂದು ಹೊರಮುಖವಾಗಿರಬೇಕು. ಆಗ ಉಳಿದೆರಡು ಬಿಲ್ಲನ್ನು ಸವರಿಕೊಂಡು ಸಲೀಸಾಗಿ ಹೋಗುತ್ತವೆ. ಬೇರೆ ಬಣ್ಣ ಕೊಡುವುದೇ ಅದು ಥಟ್ಟನೆ ಕಾಣಲಿ ಅಂತ. ಫೋಟೊದವರು ಬಣ್ಣ ಚೆನ್ನಾಗಿ ಬರಲಿ ಅಂತ ತಿರುಗಿಸಿರಬೇಕು, ಅದು ಹೋಗಲಿ ಬಿಡಿ. ನವಿಲುಗರಿಯ ತಿದ್ದುಪಡಿಯನ್ನು ಮಾತ್ರ ದಸರಾ ರಜೆ ಶುರುವಾಗುವ ಮೊದಲು, ಅದೇ ಪುರವಣಿಯಲ್ಲಿ, ಅದೇ ಜಾಗದಲ್ಲಿ ದಯವಿಟ್ಟು ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ,
ಮತ್ತಿಕೆರೆ, ಬೆಂಗಳೂರು