ಹಲ್ಲು ಕೀಳಲ್ಲ ಎಂದ ಡಾಕ್ಟರಿಗೆ

ನಿನ್ನೆಗೆ ಒಂದು ವರ್ಷ ಆಯಿತು. ಬಲಕಿವಿಯ ಹಿಂದೆ ಆಪರೇಷನ್ ಆಗಿ, ಮುಖದಲ್ಲಿ ಕರೆಂಟು ಹೊಡೆಯುವುದು ನಿಂತು ಒಂದು ವರ್ಷ. ಬೆಳಿಗ್ಗೆ ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಟವೆಲಿನಿಂದ ಮುಖ ಒತ್ತಿ ಒರೆಸಿಕೊಂಡು ಕನ್ನಡಿ ಮುಂದೆ ಸುಮ್ನೆ ನಿಂತಿದ್ದೆ. ಬಾಯಲ್ಲಿ ಹೇಳಿದ ಥ್ಯಾಂಕ್ಸ್ ಸಾಲದು ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಎರಡನೇ ಹಲ್ಲಿನ ಡಾಕ್ಟರಿಗೆ. ಅವರ ಹತ್ತಿರ ಹೋಗುವಷ್ಟರಲ್ಲಿ ನನ್ನ ಬಲಗಡೆಯ ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಪಕ್ಕದ ಹಲ್ಲನ್ನು ಕೀಳಿಸಿಯೂ ಆಗಿತ್ತು. ನೋವು ಮಾತ್ರ ಇದ್ದಲ್ಲೇ ಇತ್ತು. ಮೊದಲನೆಯವರ ಮೇಲೆ ನನಗೆ ಸಿಟ್ಟಿಲ್ಲ. ಈ ನೋವು ಹಲ್ಲುನೋವಿನ ಹಾಗೇ ಶುರುವಾಗುತ್ತೆ, ನಾನೂ ಹಲ್ಲನ್ನೇ ತೋರಿಸಿದ್ದೆ. ಎರಡನೆಯವರ ಹತ್ತಿರವೂ "ಇದೊಂದನ್ನೂ ಕಿತ್ತುಬಿಡಿ ಸಾರ್" ಎಂದು ಅಂಗಲಾಚಿದ್ದೆ. ಅವರು ಎಕ್ಸ್‌ರೇ ನೋಡಿದರು, ಹಲ್ಲನ್ನು ತಟ್ಟಿ ನೋಡಿದರು, ತಣ್ಣೀರು ಬಿಟ್ಟು ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು.

"ಅಮ್ಮಾ, ನೋವು ರಾತ್ರಿಯೆಲ್ಲಾ ಜಗಿಯುತ್ತಾ, ಇಲ್ಲಾ ಪಟ್ ಅಂತ ಹೊಡೆದು ಹೋಗುತ್ತಾ?"

ಹೊಡೆದು ಹೋಗುತ್ತೆ ಎಂದೆ.

"ಮುಖ ತೊಳೆಯುವಾಗ, ಗಾಳಿ ಬೀಸಿದಾಗ?"

ಅಳು ಬಂತು. ಅದುವರೆಗೆ ಅದನ್ನು ಯಾರೂ ಕೇಳಿರಲಿಲ್ಲ. "ಇದು ನರದ ನೋವು. ನಾನು ಹಲ್ಲು ಕೀಳಲ್ಲ" ಎಂದು ಹೇಳಿ ನ್ಯೂರಾಲಜಿಸ್ಟಿಗೆ ಒಂದು ಚೀಟಿ ಬರೆದುಕೊಟ್ಟರು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ಹೆಸರನ್ನು ನಾನು ಮೊದಲು ಓದಿದ್ದು ಆ ಚೀಟಿಯಲ್ಲೇ. ಡಾಕ್ಟರೇ, ಅವತ್ತು ನಿಮ್ಮ ಕ್ಲಿನಿಕ್ಕಿನಿಂದ ಸಿಟ್ಟು ಮಾಡಿಕೊಂಡೇ ಹೊರಟಿದ್ದೆ. ಇವತ್ತು ಅದೇ ಹಲ್ಲಿನಲ್ಲಿ ಅಗಿದು ಊಟ ಮಾಡುತ್ತಿದ್ದೇನೆ.

ಇನ್ನು ನಮ್ಮನೆಯವರಿಗೆ. ಈ ನೋವು ಬರುವುದು ಕೆಲವೇ ಸೆಕೆಂಡು. ಎರಡು ನಿಮಿಷ ದಾಟುವುದು ತೀರಾ ಕಡಿಮೆ. ಹೊಡೆತಗಳ ನಡುವೆ ಮುಖ ಎಲ್ಲರ ಮುಖದ ಹಾಗೇ ಇರುತ್ತೆ. ಊದಿಲ್ಲ, ಕೆಂಪಾಗಿಲ್ಲ. "ಈಗ ತಾನೆ ಚೆನ್ನಾಗಿದ್ದೆಯಲ್ಲಾ" ಎಂದವರು ಬಹಳ ಜನ. ಇವರು ಒಂದು ದಿನವೂ ಹಾಗನ್ನಲಿಲ್ಲ. ಒಂದು ನೋಟ್‌ಬುಕ್ ತಂದು ಗೆರೆ ಹಾಕಿದರು. ಎಷ್ಟು ಗಂಟೆಗೆ ಬಂತು, ಏನು ಮಾಡುವಾಗ ಬಂತು, ಕೆನ್ನೆಯಲ್ಲೋ ದವಡೆಯಲ್ಲೋ, ಎಷ್ಟು ಸೆಕೆಂಡು. ಒಂದು ದಿನದ ಪುಟದಲ್ಲಿ ಮೂವತ್ತೊಂದು ಸಲ ಇದೆ. ಅದರಲ್ಲಿ ಒಂದು ಸಾಲು: "ಫ್ಯಾನ್ ಗಾಳಿಗೆ ಕೂದಲೆಳೆ ಕೆನ್ನೆಗೆ ತಾಗಿತು."

ಆ ಸಾಲು ಬರೆದ ಸಂಜೆಯೇ ಮಗಳು ನನ್ನ ಕೂದಲನ್ನೆಲ್ಲಾ ಹಿಂದಕ್ಕೆ ಬಾಚಿ, ಕೆನ್ನೆಗೆ ಬೆರಳು ತಾಗದ ಹಾಗೆ ಪಿನ್ ಹಾಕಿದಳು. ಮಾತಾಡಿದರೂ ನೋವು ಬರುತ್ತಿತ್ತು, ಹಾಗಾಗಿ ಒಂದು ಸ್ಲೇಟು ತಂದಿಟ್ಟಳು. ನಾನು ಬರೆಯುತ್ತಿದ್ದೆ, ಅವಳೂ ಬಾಯಲ್ಲಿ ಹೇಳದೆ ಬರೆದೇ ಉತ್ತರ ಕೊಡುತ್ತಿದ್ದಳು. ಹಾಗೆ ಮಾಡು ಅಂತ ನಾನು ಹೇಳಿರಲಿಲ್ಲ.

ಆ ನೋಟ್‌ಬುಕ್ಕನ್ನು ನ್ಯೂರಾಲಜಿಸ್ಟ್ ಮೊದಲಿಂದ ಕೊನೆವರೆಗೆ ಓದಿದರು. ಅವರು ಎಲ್ಲವನ್ನೂ ಬಿಡಿಸಿ ಹೇಳುವವರು. ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಈ ನೋವು ಬರುವ ಟ್ರೈಜೆಮಿನಲ್ ನರ ಐದನೆಯದು. ಅದಕ್ಕೆ ಮೂರು ಕವಲು: ಒಂದು ಹಣೆ, ಕಣ್ಣಿಗೆ, ಒಂದು ಕೆನ್ನೆ, ಮೇಲ್ದವಡೆಗೆ, ಇನ್ನೊಂದು ಕೆಳದವಡೆಗೆ. ಬುಡದಲ್ಲಿ ಒಂದು ರಕ್ತನಾಳ ನರಕ್ಕೆ ಒತ್ತಿಕೊಂಡು ಬಡಿಯುತ್ತಾ ಬಡಿಯುತ್ತಾ ಅದರ ಮೇಲಿನ ಪೊರೆ ಸವೆಯುತ್ತೆ. ವೈರಿನ ಪ್ಲಾಸ್ಟಿಕ್ ಸವೆದರೆ ಶಾಕ್ ಹೊಡೆಯುತ್ತಲ್ಲ, ಹಾಗೆ. ಗಡ್ಡೆ ಅಥವಾ ನರಗಳ ಪೊರೆ ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಿಂದಲೂ ಹೀಗಾಗಬಹುದು ಎಂದು ಎಂಆರ್‌ಐ ಮಾಡಿಸಿದರು. ನನ್ನದರಲ್ಲಿ ಕಂಡಿದ್ದು ರಕ್ತನಾಳವೇ.

ಮಾಮೂಲಿ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಕೊಟ್ಟಿದ್ದು ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್. ಈ ನೋವಿಗೂ ಅದು ಆಗುತ್ತೆ ಎಂದು 1962ರಲ್ಲಿ ಬರೆದವರು ಬ್ಲೋಮ್ ಎಂಬ ಸ್ವೀಡನ್ನಿನ ಡಾಕ್ಟರು. ಅವರಿಗೂ ಒಂದು ನಮಸ್ಕಾರ. ಶುರು ಮಾಡುವ ಮುಂಚೆ ಒಂದು ಜೀನ್ ಟೆಸ್ಟ್ ಮಾಡಿಸಿದರು. ಏಷ್ಯಾ ಮೂಲದ ಕೆಲವರಲ್ಲಿ ಇರುವ ಆ ಜೀನ್ ಇದ್ದರೆ ಚರ್ಮ ಸುಲಿದುಹೋಗುವಂಥ ಅಲರ್ಜಿ ಆಗುವ ಅಪಾಯ ಜಾಸ್ತಿ ಅಂತೆ. ನನಗೆ ಇರಲಿಲ್ಲ. ಮೂರನೇ ದಿನಕ್ಕೆ ಹೊಡೆತ ಅರ್ಧಕ್ಕರ್ಧ ಕಡಿಮೆಯಾಯಿತು. ನಿಜ ಹೇಳಬೇಕೆಂದರೆ ಆ ಮಾತ್ರೆ ನನ್ನ ಜೀವ ಉಳಿಸಿತು.

ಆದರೆ ತಿಂಗಳು ಕಳೆದಂತೆ ಡೋಸ್ ಏರಿಸಬೇಕಾಯಿತು. ನಡೆದರೆ ದೋಣಿಯಲ್ಲಿ ನಿಂತ ಹಾಗೆ ತೂಗಾಡುತ್ತಿದ್ದೆ, ಗೊತ್ತಿದ್ದ ಹೆಸರುಗಳೇ ಬಾಯಿಗೆ ಬರುತ್ತಿರಲಿಲ್ಲ. ಈ ಮಾತ್ರೆಯಿಂದ ರಕ್ತದ ಸೋಡಿಯಂ ಇಳಿಯುವುದೂ ಉಂಟು. ಒಂದು ಸಂಜೆ ನರ್ಸ್ ಫೋನ್ ಮಾಡಿ, "ನಿಮ್ಮ ಸೋಡಿಯಂ 124ಕ್ಕೆ ಇಳಿದಿದೆ, 135ರ ಮೇಲಿರಬೇಕು, ಈಗಲೇ ಬನ್ನಿ" ಎಂದರು. ಡ್ಯೂಟಿ ಮುಗಿದ ಮೇಲೂ ರಿಪೋರ್ಟಿಗೆ ಕಾದು ಕೂತು ಮಾಡಿದ ಫೋನ್ ಅದು. ತಂಗೀ, ನಿನ್ನ ಋಣ ದೊಡ್ಡದು.

ಆಪರೇಷನ್ ಮಾತು ಬಂದಿದ್ದು ಆಮೇಲೆ. 1960ರ ದಶಕದಲ್ಲಿ ಅಮೆರಿಕದ ಪೀಟರ್ ಜಾನೆಟ್ಟಾ ರೂಢಿಗೆ ತಂದ ವಿಧಾನ: ಕಿವಿಯ ಹಿಂದೆ ನಾಣ್ಯದಷ್ಟು ತೂತು ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ರಕ್ತನಾಳವನ್ನು ನರದಿಂದ ಬಿಡಿಸಿ, ನಡುವೆ ಟೆಫ್ಲಾನ್ ಚೂರು ಇಡುವುದು. ನಮ್ಮ ಸರ್ಜನ್ ಏನನ್ನೂ ಮುಚ್ಚಿಡಲಿಲ್ಲ. ಆ ಕಡೆಯ ಕಿವಿ ಮಂದವಾಗಬಹುದು, ಮುಖ ಜೋಮು ಹಿಡಿಯಬಹುದು, ವರ್ಷಗಳಾದ ಮೇಲೆ ನೋವು ಮರಳಲೂಬಹುದು ಎಂದರು. ತಲೆ ತೆರೆಯುವುದು ಬೇಡವೆಂದರೆ ಹೊರಗಿನಿಂದಲೇ ನರಕ್ಕೆ ವಿಕಿರಣ ಹಾಯಿಸುವ ಗಾಮಾ ನೈಫ್ ಇದೆ, ಕೆನ್ನೆಯಿಂದ ಸೂಜಿ ಹಾಕಿ ಬಲೂನಿನಿಂದ ನರವನ್ನು ಒತ್ತುವುದೂ ಇದೆ ಎಂದರು. ಯೋಚಿಸಲು ಎರಡು ವಾರ ಬಿಟ್ಟರು, ಅವಸರ ಮಾಡಲಿಲ್ಲ. ಹೂಂ ಎನ್ನಲು ನನಗೆ ಧೈರ್ಯ ಬಂದಿದ್ದು ಅದರಿಂದಲೇ.

ಎಚ್ಚರವಾದಾಗ ತಲೆನೋವು, ವಾಂತಿ ಎಲ್ಲಾ ಇತ್ತು. ಮರುದಿನ ನಮ್ಮನೆಯವರು ಹತ್ತಿಯನ್ನು ನೀರಿಗೆ ಅದ್ದಿ ತುಟಿ ಒರೆಸಲು ಬಂದವರು ಅಭ್ಯಾಸಬಲದಿಂದ ಬಲಗಡೆಗೆ ಬಂದು ಕೈ ತಡೆದುಕೊಂಡರು. ನಾನೇ ಅವರ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡೆ. ಏನೂ ಆಗಲಿಲ್ಲ. ಇಬ್ಬರೂ ಬಹಳ ಹೊತ್ತು ಹಾಗೇ ಇದ್ದೆವು.

ಮಾತ್ರೆಯನ್ನು ವಾರವಾರ ಇಳಿಸುತ್ತಾ ಬಂದು ಪೂರ್ತಿ ನಿಲ್ಲಿಸಿದ್ದೇವೆ. ಅದೂ ಡಾಕ್ಟರು ಹೇಳಿದ ಲೆಕ್ಕದಲ್ಲೇ, ನಮ್ಮಷ್ಟಕ್ಕೆ ನಾವು ಅಲ್ಲ. ಈಗ ಇದೇ ನೋವಿನಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಒಂದು ನೋಟ್‌ಬುಕ್ ಇಡಿ. ಆಪರೇಷನ್ ಎಲ್ಲರಿಗೂ ಬೇಕಾಗಲ್ಲ, ಎಷ್ಟೋ ಜನ ಮಾತ್ರೆಯಲ್ಲೇ ಚೆನ್ನಾಗಿದ್ದಾರೆ.

ಹಲ್ಲಿನ ಡಾಕ್ಟರೇ, ನೋವಿನ ಭಯಕ್ಕೆ ಮೂರು ವರ್ಷದಿಂದ ಹಲ್ಲು ಕ್ಲೀನ್ ಮಾಡಿಸಿಲ್ಲ. ಮುಂದಿನ ವಾರ ನಿಮ್ಮ ಹತ್ತಿರವೇ ಬರುತ್ತಿದ್ದೇನೆ. ಬಲಗಡೆಯಿಂದಲೇ ಶುರು ಮಾಡಿ.