ಅರ್ಧ ವಾಕ್ಯ, ಪೂರ್ತಿ ಜಗಳ

ಮಾನ್ಯ ಸಂಪಾದಕರೇ,

ಚರ್ಚುಗಳ ಪರಂಪರೆ ಮತ್ತು ಇವತ್ತಿನ ಸಾಂಸ್ಕೃತಿಕ ಜಗಳಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಪತ್ರಗಳನ್ನು ಓದಿದೆ. ಕ್ರೈಸ್ತ ಸಂಸ್ಕೃತಿಯೇ ಮುಳುಗುತ್ತಿದೆ ಎಂದು ಕೆಲವರು. ಬೈಬಲ್ ಹಳೇ ಕಾಲದ್ದು, ಅದನ್ನು ಬಿಟ್ಟು ಮಾತಾಡಿ ಎಂದು ಇನ್ನು ಕೆಲವರು. ಎರಡೂ ಕಡೆಯವರು ಒಂದೊಂದು ವಾಕ್ಯ ಎತ್ತಿ ತೋರಿಸುತ್ತಾರೆ. ಅದರ ಹಿಂದೆ ಮುಂದೆ ಏನಿದೆ ಎಂದು ಯಾರೂ ನೋಡಿದಂತೆ ಕಾಣಲಿಲ್ಲ. ನಾನೂ ಕ್ರೈಸ್ತ ವಿಶ್ವಾಸಿ. ಅದಕ್ಕೇ ಈ ಪತ್ರ.

2019ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು ಹೊತ್ತಿ ಉರಿದಾಗ ಜನ ಬೀದಿಯಲ್ಲೇ ಮೊಣಕಾಲೂರಿ ಹಾಡಿದರು. ಚರ್ಚಿಗೆ ಕಾಲಿಡದವರೂ ಮರುಗಿದರು. ಮರುವರ್ಷ ಇಸ್ತಾಂಬುಲಿನ ಹಾಗಿಯಾ ಸೋಫಿಯಾ ಮ್ಯೂಸಿಯಂ ಆಗಿದ್ದದ್ದು ಮತ್ತೆ ಮಸೀದಿಯಾಯಿತು. 537ರಲ್ಲಿ ಕಟ್ಟಿ ಮುಗಿಸಿದ ಚರ್ಚು ಅದು. ಅನೇಕ ಕ್ರೈಸ್ತರಿಗೆ ನೋವಾಯಿತು, ನನಗೂ ಆಯಿತು. ಆದರೆ ಆಗ ಜಾಸ್ತಿ ಕೂಗಾಡಿದವರಲ್ಲಿ ಎಷ್ಟು ಜನ ಸ್ಪೇನಿನ ಕಾರ್ಡೋಬಾವನ್ನು ನೆನೆದರು? ಅಲ್ಲಿನ ದೊಡ್ಡ ಮಸೀದಿಯನ್ನು 1236ರಲ್ಲಿ ಚರ್ಚು ಮಾಡಿಕೊಂಡವರು ನಮ್ಮವರೇ ಅಲ್ವಾ?

ಕಟ್ಟಡದ ಮೇಲಿನ ಅಭಿಮಾನಕ್ಕೆ ಬೈಬಲ್ಲಿನಲ್ಲೇ ಖಾರವಾದ ಮಾತಿದೆ. ಯೆರೆಮೀಯನ ಏಳನೇ ಅಧ್ಯಾಯ ನೋಡಿ. ಪ್ರವಾದಿ ದೇವಾಲಯದ ಬಾಗಿಲಲ್ಲೇ ನಿಂತಿದ್ದಾನೆ. ಒಳಗೆ ಹೋಗುವ ಭಕ್ತರಿಗೆ, 'ಇದು ಯೆಹೋವನ ಆಲಯ, ಯೆಹೋವನ ಆಲಯ ಎಂದು ಜಪ ಮಾಡಿಕೊಂಡು ಮೋಸಹೋಗಬೇಡಿ' ಎನ್ನುತ್ತಾನೆ. ಎರಡು ವಾಕ್ಯ ದಾಟಿದರೆ ಕಾರಣವೂ ಸಿಗುತ್ತದೆ: ಪರದೇಶಿಯನ್ನು, ಅನಾಥನನ್ನು, ವಿಧವೆಯನ್ನು ಹಿಂಸಿಸಬೇಡಿ, ಆಗ ಮಾತ್ರ ಈ ಸ್ಥಳದಲ್ಲಿ ವಾಸವಾಗಿರಬಹುದು. ಆಲಯದ ಮಾತು, ಪರದೇಶಿಯ ಮಾತು ಒಂದೇ ಉಸಿರಿನಲ್ಲಿ ಬಂದಿವೆ. ಯೇಸು ಆಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟುವಾಗ ಹೇಳಿದ 'ಕಳ್ಳರ ಗವಿ' ಎಂಬ ಮಾತೂ ಇದೇ ಅಧ್ಯಾಯದ್ದು. ಇವತ್ತು ಪರಂಪರೆ ಉಳಿಸಿ ಎಂದು ಕೂಗುವವರ ಬಾಯಲ್ಲಿ ಮೊದಲು ಮಾಯವಾಗುವುದು ಆ ಪರದೇಶಿಯೇ. ವಲಸೆ ಬಂದವರನ್ನು ಓಡಿಸುವುದೇ ಪರಂಪರೆಯ ರಕ್ಷಣೆ ಎನ್ನುವವರೂ ಇದ್ದಾರೆ.

ಹೀಗೆ ಕತ್ತರಿಸುವುದು ಹೊಸದಲ್ಲ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗಾಗಿಯೇ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದೂ ಅದೇ ವರ್ಷ, ಗುಲಾಮಗಿರಿ ಮಾತ್ರ ಹಾಗೇ ಉಳಿದಿತ್ತು. ಇಸ್ರಾಯೇಲ್ಯರು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಹೊರಬಂದ ಕಥೆ ಆ ಬೈಬಲ್ಲಿನಲ್ಲಿ ಇಲ್ಲ. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎಂದು ಪೌಲನು ಗಲಾತ್ಯದವರಿಗೆ ಬರೆದ ಮಾತೂ ಇಲ್ಲ. 'ದಾಸರೇ, ಯಜಮಾನರಿಗೆ ವಿಧೇಯರಾಗಿರಿ' ಎಂಬುದು ಭದ್ರವಾಗಿದೆ! ಸುವಾರ್ತೆ ಸಾರುತ್ತಿದ್ದೇವೆ ಎಂದೇ ನಂಬಿದ ಜನ ಮಾಡಿದ ಕೆಲಸ ಇದು.

ಹಿಟ್ಲರನ ಜರ್ಮನಿಯಲ್ಲಿ ಇನ್ನೂ ಮುಂದೆ ಹೋದರು. 1939ರಲ್ಲಿ ಐಸನಾಖ್‌ನಲ್ಲಿ ಪ್ರೊಟೆಸ್ಟೆಂಟ್ ಸಭೆಗಳೇ, ಅಂದರೆ ಚರ್ಚುಗಳೇ, ಒಂದು ಸಂಸ್ಥೆ ತೆರೆದವು. ಸಭೆಯ ಜೀವನದಲ್ಲಿದ್ದ ಯೆಹೂದಿ ಛಾಯೆಯನ್ನು ಅಳಿಸುವುದೇ ಅದರ ಕೆಲಸ. ಮರುವರ್ಷ ಅಲ್ಲಿಂದ ಹೊಸ ಒಡಂಬಡಿಕೆಯ ತಿದ್ದಿದ ಪ್ರತಿ ಹೊರಬಂತು. ಯೇಸು ಯೆಹೂದಿ ಎನ್ನುವುದನ್ನೇ ಮರೆಮಾಡಲು ನೋಡಿದರು. ಇದೆಲ್ಲ ನಡೆದದ್ದು ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರನ ನಾಡಿನಲ್ಲಿ, ಕ್ರೈಸ್ತ ಸಂಸ್ಕೃತಿಯ ಹೆಸರಿನಲ್ಲಿ.

ಇನ್ನೊಂದು ಕಡೆಯವರೂ ಕಡಿಮೆಯೇನಲ್ಲ. 'ತೀರ್ಪು ಮಾಡಬೇಡಿ' ಎಂಬ ಮತ್ತಾಯನ ವಾಕ್ಯ ಅವರಿಗೆ ಬಾಯಿಪಾಠ. ನಾಲ್ಕು ವಾಕ್ಯ ಮುಂದೆ, ನಿನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆಯನ್ನೂ ತೆಗೆ ಎಂದಿದೆ. ಅಂದರೆ ತಪ್ಪು ತಿದ್ದುವ ಕೆಲಸ ಇದ್ದೇ ಇದೆ. ವಾಕ್ಯ ಹೇಳಿದ ಮಾತ್ರಕ್ಕೆ ಯಾರೂ ಗೆಲ್ಲುವುದಿಲ್ಲ. ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಪರೀಕ್ಷಿಸುವಾಗ ಸೈತಾನನೂ ಬೈಬಲ್ಲಿನ ತೊಂಬತ್ತೊಂದನೇ ಕೀರ್ತನೆಯನ್ನೇ ಹೇಳಿದ್ದು.

ಪರಂಪರೆ ವಿಷಯದಲ್ಲಿ ನಮ್ಮೊಳಗೇ ಎಷ್ಟು ಜಗಳ! ಯೆರೂಸಲೇಮಿನ ಪವಿತ್ರ ಸಮಾಧಿಯ ಚರ್ಚನ್ನು ಆರು ಪಂಗಡಗಳು ಹಂಚಿಕೊಂಡಿವೆ. ಅದರ ಬೀಗದ ಕೈ ಎರಡು ಮುಸ್ಲಿಂ ಮನೆತನಗಳ ವಶದಲ್ಲಿದೆ. ಮುಂಬಾಗಿಲ ಮೇಲಿನ ಕಿಟಕಿಗೆ ಒರಗಿಸಿದ ಮರದ ಏಣಿ 18ನೇ ಶತಮಾನದ ಚಿತ್ರಗಳಲ್ಲೂ ಇದೆ. ತೆಗೆದರೆ ಯಾರ ಹಕ್ಕಿಗೆ ಧಕ್ಕೆಯೋ ಎಂದು ಸುಮ್ನೆ ಬಿಟ್ಟಿದ್ದಾರೆ. 2008ರಲ್ಲಿ ಅಲ್ಲೇ ಗ್ರೀಕ್ ಮತ್ತು ಅರ್ಮೇನಿಯನ್ ಸನ್ಯಾಸಿಗಳು ಕೈಕೈ ಮಿಲಾಯಿಸಿದರು, ಪೊಲೀಸರು ಬರಬೇಕಾಯಿತು.

ಹಾಗಂತ ಕ್ರೈಸ್ತರು ಬಾಯಿ ಮುಚ್ಚಿ ಕೂರಬೇಕು ಎನ್ನುತ್ತಿಲ್ಲ. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಸೇರಿದ ಜರ್ಮನ್ ಪ್ರತಿನಿಧಿಗಳು, ಸಭೆಯನ್ನು ಸರ್ಕಾರದ ಒಂದು ಅಂಗ ಮಾಡುವುದನ್ನು ಎದುರಿಸಿ ಘೋಷಣೆ ಹೊರಡಿಸಿದರು. ಅದರ ಆರು ಅಂಶಗಳೂ ಬೈಬಲ್ ವಾಕ್ಯದಿಂದಲೇ ಶುರುವಾಗುತ್ತವೆ. ಧೈರ್ಯದ ಕೆಲಸ ಅದು. ಆದರೂ ಆ ಘೋಷಣೆಯಲ್ಲಿ ಹಿಂಸೆಗೆ ಗುರಿಯಾಗಿದ್ದ ಯೆಹೂದಿಗಳ ಪರವಾಗಿ ಒಂದು ಮಾತೂ ಇಲ್ಲ. ಕರಡು ಬರೆಯುವುದರಲ್ಲಿ ಮುಂದಿದ್ದ ಕಾರ್ಲ್ ಬಾರ್ತ್ ಅದು ತನ್ನ ತಪ್ಪೆಂದು ದಶಕಗಳ ನಂತರ ಒಪ್ಪಿಕೊಂಡರು.

ಪರಂಪರೆಯ ಪರವಾಗಿ ಬರೆಯುವ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಪತ್ರದಲ್ಲಿ ನಿಮ್ಮ ಇಷ್ಟದ ವಾಕ್ಯದ ಜೊತೆಗೆ ಪರದೇಶಿಯ ಮಾತಿರುವ ಯೆರೆಮೀಯ ಏಳನೇ ಅಧ್ಯಾಯದ ಆರನೇ ವಾಕ್ಯಕ್ಕೂ ಉತ್ತರ ಬರೆಯಿರಿ.

ಇಂತಿ,
ಒಬ್ಬ ಓದುಗ