ಹಾಸ್ಟೆಲ್ ಊಟ, ರಾತ್ರಿ ಬಸ್ಸಿನ ಲೆಕ್ಕವೂ ಸಿಗಲಿ

ಮಾನ್ಯ ಸಂಪಾದಕರೇ,

ತೈವಾನಿನ ಫಾಕ್ಸ್‌ಕಾನ್ ಕಂಪನಿ ದೇವನಹಳ್ಳಿ–ದೊಡ್ಡಬಳ್ಳಾಪುರದ ನಡುವೆ 300 ಎಕರೆ ಜಾಗದಲ್ಲಿ ಐಫೋನ್ ಘಟಕ ಕಟ್ಟಿ, ಜನರನ್ನು ಸೇರಿಸಿಕೊಳ್ಳುತ್ತಿದೆ. ಅವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ನನಗಂತೂ ಸಂತೋಷವೇ. ಮಗ್ಗ ನಿಂತ ಮನೆಗೆ ತಿಂಗಳ ಸಂಬಳ ಬರುವುದೆಂದರೆ ಏನು ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಎಷ್ಟು ಸಾವಿರ ಕೆಲಸ ಅನ್ನುವುದೇ ಸುದ್ದಿಯಾಗುತ್ತಿದೆ. ಆ ಮಕ್ಕಳು ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ ಅಂತ ಯಾರೂ ಕೇಳುತ್ತಿಲ್ಲ. 2021ರ ಡಿಸೆಂಬರ್‌ನಲ್ಲಿ ತಮಿಳುನಾಡಿನಲ್ಲಿ ಇದೇ ಕಂಪನಿಯ ಶ್ರೀಪೆರಂಬದೂರು ಘಟಕದ ಹೆಣ್ಣುಮಕ್ಕಳು ಹಾಸ್ಟೆಲ್ ಊಟ ತಿಂದು ಕಾಯಿಲೆ ಬಿದ್ದರು. 150ಕ್ಕೂ ಜಾಸ್ತಿ ಜನ ಆಸ್ಪತ್ರೆ ಸೇರಿದರು. ಜೊತೆಯವರು ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲೇ ಕೂತುಬಿಟ್ಟರು. ಕೆಲವು ಹಾಸ್ಟೆಲ್, ಊಟದ ಕೋಣೆಗಳು ಸರಿಯಿಲ್ಲ ಅಂತ ಆಮೇಲೆ ಆಪಲ್ ಕಂಪನಿಯೇ ಒಪ್ಪಿಕೊಂಡಿತು. ಅದಕ್ಕೂ ಒಂದು ವರ್ಷ ಮುಂಚೆ ನಮ್ಮ ಕೋಲಾರದ ನರಸಾಪುರದಲ್ಲಿ, ಆಗ ವಿಸ್ಟ್ರಾನ್ ಅನ್ನುವ ಕಂಪನಿ ನಡೆಸುತ್ತಿದ್ದ ಐಫೋನ್ ಘಟಕದಲ್ಲಿ, ಸಂಬಳದ ಸಿಟ್ಟು ದೊಡ್ಡ ಗಲಾಟೆಯಾಗಿದ್ದು ನೆನಪಿದೆ ಅಲ್ವಾ?

2023ರಲ್ಲಿ ನಮ್ಮ ಸರ್ಕಾರ ಕಾರ್ಖಾನೆ ಕಾಯ್ದೆ ಬದಲಿಸಿತು. ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು, ವಾರಕ್ಕೆ ಮಾತ್ರ 48 ದಾಟಬಾರದು ಅಂತಾಯಿತು. ವಾಹನ ಮತ್ತು ಭದ್ರತೆ ಒದಗಿಸಿದರೆ ಹೆಂಗಸರಿಗೆ ರಾತ್ರಿ ಪಾಳಿಯೂ ಕೊಡಬಹುದು ಅಂತಾಯಿತು.

ನಮ್ಮ ಪಕ್ಕದ ಮನೆ ಹುಡುಗಿ ಬೇರೊಂದು ಫ್ಯಾಕ್ಟರಿಗೆ ಹೋಗುತ್ತಾಳೆ. ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಬಸ್ಸು ಅವಳನ್ನು ಕ್ರಾಸ್‌ನಲ್ಲಿ ಇಳಿಸಿ ಹೊರಟುಬಿಡುತ್ತದೆ. ಅಲ್ಲಿಂದ ಊರಿಗೆ ಒಂದೂವರೆ ಕಿಲೋಮೀಟರ್, ಒಂದು ಬೀದಿದೀಪವೂ ಇಲ್ಲ. ಅವಳಪ್ಪ ದಿನಾ ಗಾಡಿ ತೆಗೆದುಕೊಂಡು ಹೋಗಿ ಅಲ್ಲಿ ಕಾಯುತ್ತಾರೆ. ಕಾಯುವ ಅಪ್ಪ ಇಲ್ಲದ ಹುಡುಗಿ ಏನು ಮಾಡಬೇಕು? ವಾಹನ ಕೊಟ್ಟಿದ್ದೇವೆ ಅಂತ ಕಾಗದದಲ್ಲಿ ಇದ್ದರೆ ಸಾಕಾ?

ಕಾರ್ಮಿಕ ಇಲಾಖೆಯಲ್ಲಿ ನನ್ನ ಬೇಡಿಕೆ ಇಷ್ಟೇ. ಹಾಸ್ಟೆಲ್ ಕಂಪನಿಯದಾಗಲಿ, ಗುತ್ತಿಗೆದಾರನದಾಗಲಿ, ಅಡುಗೆಮನೆ ಮತ್ತು ನೀರನ್ನು ತಿಂಗಳಿಗೊಮ್ಮೆ ಹೇಳದೆ ಕೇಳದೆ ಬಂದು ನೋಡಿ. ನೋಡಿದ್ದನ್ನು ಅಲ್ಲೇ ಬಾಗಿಲಿಗೆ ಅಂಟಿಸಿ. ಹೊರರಾಜ್ಯದ ಮಕ್ಕಳೂ ಇರುವುದರಿಂದ ಕನ್ನಡದ ಜೊತೆ ಅವರ ಭಾಷೆಯಲ್ಲೂ ಇರಲಿ. ಬಸ್ಸು ಊರೊಳಗೇ ಬರಲಿ. ಅದು ಬರುತ್ತಿದೆಯೇ ಅಂತ ತಿಳಿಯಬೇಕಾದರೆ ಫೈಲು ನೋಡಬೇಡಿ. ಒಂದು ರಾತ್ರಿ ಅಧಿಕಾರಿಗಳೇ ಆ ಬಸ್ಸು ಹತ್ತಿ ನಮ್ಮ ಕ್ರಾಸ್‌ವರೆಗೆ ಬನ್ನಿ.

– ನಿವೃತ್ತ ಶಿಕ್ಷಕಿ, ದೊಡ್ಡಬಳ್ಳಾಪುರ ತಾಲ್ಲೂಕು